ಸ್ಯಾನಿಟೈಸರ್‌ಗೆ ಬಗ್ಗದ ಪಾರ್ವೊ, ಸೋಪಿಗೆ ಸೋಲುವ ರೇಬೀಸ್: ಪಶು ಆಸ್ಪತ್ರೆಯಲ್ಲಿ ಸೋಂಕು ತಡೆಯುವುದು ಹೇಗೆ? ಇಲ್ಲಿದೆ ಮಾಹಿತಿ

ಮನೆಗೆ ಹೊಸ ನಾಯಿಮರಿ ಬಂದಿದೆ. ಮೊದಲ ಲಸಿಕೆ ಹಾಕಿಸಲು ಹತ್ತಿರದ ಪೆಟ್ ಕ್ಲಿನಿಕ್‌ಗೆ ಹೋಗುತ್ತೀರಿ. ಸರದಿ ಬರುವವರೆಗೆ ಮರಿಯನ್ನು ಕೆಳಗೆ ಬಿಡುತ್ತೀರಿ. ಅದು ನೆಲ ಮೂಸುತ್ತದೆ, ಬೆಂಚಿನ ಕಾಲು ನೆಕ್ಕುತ್ತದೆ. ಅದೇ ಜಾಗದಲ್ಲಿ ಬೆಳಗ್ಗೆ ವಾಂತಿ-ಭೇದಿಯಿಂದ ನರಳುತ್ತಿದ್ದ ಇನ್ನೊಂದು ಮರಿ ಮಲಗಿದ್ದಿರಬಹುದು. ಅದು ನಿಮಗೆ ಗೊತ್ತಾಗುವುದಿಲ್ಲ. ಹೊರಡುವಾಗ ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ನೆಮ್ಮದಿಯಿಂದ ಮನೆಗೆ ಬರುತ್ತೀರಿ.

ಸಮಸ್ಯೆ ಇರುವುದು ಇಲ್ಲೇ. ನಾಯಿಮರಿಗಳ ಜೀವ ತೆಗೆಯುವ ಪಾರ್ವೊ ವೈರಸ್ ಸ್ಯಾನಿಟೈಸರ್‌ಗೆ ಸಾಯುವುದಿಲ್ಲ. ಆದರೆ ಜಗತ್ತೇ ಹೆದರುವ ರೇಬೀಸ್ ವೈರಸ್ ಸಾಮಾನ್ಯ ಸೋಪು ನೀರಿಗೆ ನಾಶವಾಗುತ್ತದೆ. ಎರಡೂ ವೈರಸ್‌ಗಳೇ ಆದರೂ ಏಕೆ ಹೀಗೆ? ಯಾವ ರೋಗಾಣುವಿಗೆ ಯಾವ ಉಪಾಯ? ಪಶು ಆಸ್ಪತ್ರೆಯಲ್ಲಿ, ಮನೆಯಲ್ಲಿ, ಊರಿನ ಕೊಟ್ಟಿಗೆಯಲ್ಲಿ ಏನು ಮಾಡಬೇಕು? ಎಂಬ ವಿವರ ಇಲ್ಲಿದೆ.

ರೋಗಾಣುಗಳಲ್ಲಿ ಎಷ್ಟು ಬಗೆ?

'ಕ್ರಿಮಿ' ಎಂದು ನಾವು ಒಂದೇ ಪದದಲ್ಲಿ ಹೇಳಿಬಿಡುತ್ತೇವೆ. ಆದರೆ ಪ್ರಾಣಿಗಳಿಗೆ ಕಾಯಿಲೆ ತರುವ ಸೂಕ್ಷ್ಮಜೀವಿಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆಗಳಿವೆ.

- ಬ್ಯಾಕ್ಟೀರಿಯಾ: ಒಂದೇ ಜೀವಕೋಶದ ಜೀವಿಗಳು. ಇಲಿ ಜ್ವರ, ಕಂದು ರೋಗ, ಕೆಚ್ಚಲು ಬಾವಿಗೆ ಇವು ಕಾರಣ. ಆ್ಯಂಟಿಬಯಾಟಿಕ್ ಕೆಲಸ ಮಾಡುವುದು ಇವುಗಳ ಮೇಲೆ ಮಾತ್ರ.
- ವೈರಸ್: ಬ್ಯಾಕ್ಟೀರಿಯಾಗಿಂತ ಬಹಳ ಚಿಕ್ಕವು. ಬೇರೆ ಜೀವಕೋಶದ ಒಳಹೊಕ್ಕರೆ ಮಾತ್ರ ಸಂಖ್ಯೆ ಹೆಚ್ಚಿಸಿಕೊಳ್ಳಬಲ್ಲವು. ಪಾರ್ವೊ, ಡಿಸ್ಟೆಂಪರ್, ರೇಬೀಸ್, ಕಾಲುಬಾಯಿ ರೋಗ, ಚರ್ಮಗಂಟು ರೋಗ ಈ ಗುಂಪಿನವು.
- ಶಿಲೀಂಧ್ರ: ಬೂಷ್ಟಿನ ಜಾತಿಯವು. ಬೆಕ್ಕು, ನಾಯಿಗಳಿಂದ ಮಕ್ಕಳಿಗೆ ಅಂಟುವ ಹುಳುಕಡ್ಡಿ ಇದಕ್ಕೆ ಉದಾಹರಣೆ. ಹೆಸರಿನಲ್ಲಿ ಹುಳು ಇದ್ದರೂ ಇದರಲ್ಲಿ ಯಾವ ಹುಳುವೂ ಇಲ್ಲ.
- ಪರಾವಲಂಬಿಗಳು: ಬೆಕ್ಕಿನ ಮಲದಲ್ಲಿ ಬರುವ ಟಾಕ್ಸೊಪ್ಲಾಸ್ಮಾ, ಉಣ್ಣೆಯಿಂದ ಹರಡಿ ನಾಯಿಯ ರಕ್ತಕಣಗಳನ್ನು ಹಾಳುಮಾಡುವ ಬೆಬೀಸಿಯಾ ಮುಂತಾದವು.

ಹೊದಿಕೆ ಇದ್ದರೆ ದುರ್ಬಲ, ಇಲ್ಲದಿದ್ದರೆ ಗಟ್ಟಿ

ಸೋಂಕು ತಡೆಯುವ ವಿಷಯದಲ್ಲಿ ನೆನಪಿಡಬೇಕಾದ ಮೊದಲ ಸಂಗತಿ ಇದು. ಕೆಲವು ವೈರಸ್‌ಗಳ ಸುತ್ತ ಕೊಬ್ಬಿನ ತೆಳುವಾದ ಹೊದಿಕೆ ಇರುತ್ತದೆ. ರೇಬೀಸ್, ಡಿಸ್ಟೆಂಪರ್, ಕೊರೊನಾ ವೈರಸ್‌ಗಳು ಇಂಥವು. ಜಿಡ್ಡಿನ ಪಾತ್ರೆಯನ್ನು ಸೋಪು ಹೇಗೆ ತೊಳೆಯುತ್ತದೋ ಹಾಗೆಯೇ ಈ ಕೊಬ್ಬಿನ ಹೊದಿಕೆಯನ್ನೂ ಕರಗಿಸುತ್ತದೆ. ಹೊದಿಕೆ ಹೋದರೆ ಆ ವೈರಸ್ ನಿರುಪಯುಕ್ತ. ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಕೂಡ ಇದೇ ಕೆಲಸ ಮಾಡುತ್ತದೆ. ಕೋವಿಡ್ ಕಾಲದಲ್ಲಿ ಸೋಪು, ಸ್ಯಾನಿಟೈಸರ್‌ಗೆ ಅಷ್ಟು ಮಹತ್ವ ಬಂದಿದ್ದು ಇದೇ ಕಾರಣಕ್ಕೆ.

ಆದರೆ ಪಾರ್ವೊ ವೈರಸ್‌ಗೆ ಕೊಬ್ಬಿನ ಹೊದಿಕೆ ಇಲ್ಲ. ಹೊರಗಿರುವುದು ಗಟ್ಟಿಯಾದ ಪ್ರೋಟೀನ್ ಕವಚ. ಕರಗಲು ಅಲ್ಲಿ ಕೊಬ್ಬೇ ಇಲ್ಲದ ಕಾರಣ ಆಲ್ಕೋಹಾಲ್ ಏನೂ ಮಾಡಲಾಗುವುದಿಲ್ಲ.

ಇದಕ್ಕಿಂತಲೂ ಗಟ್ಟಿ ಎಂದರೆ ಬ್ಯಾಕ್ಟೀರಿಯಾದ ಬೀಜಾಣು. ಅಂಥ್ರಾಕ್ಸ್ ಅಥವಾ ನೆರಡಿ ರೋಗದ ಬ್ಯಾಕ್ಟೀರಿಯಾ ಪರಿಸ್ಥಿತಿ ಅನುಕೂಲವಿಲ್ಲದಾಗ ದಪ್ಪ ಚಿಪ್ಪಿನೊಳಗೆ ಬೀಜದಂತೆ ಮಲಗಿಬಿಡುತ್ತದೆ. ಈ ಬೀಜಾಣುಗಳು ಮಣ್ಣಿನಲ್ಲಿ ದಶಕಗಳ ಕಾಲ ಉಳಿಯಬಲ್ಲವು.

ಸರಳವಾಗಿ ಹೇಳುವುದಾದರೆ, ಸುಲಭವಾಗಿ ಸಾಯುವುದರಿಂದ ಕಷ್ಟಪಟ್ಟು ಸಾಯುವುದರವರೆಗೆ ಕ್ರಮ ಹೀಗಿದೆ: ಹೊದಿಕೆ ಇರುವ ವೈರಸ್, ಸಾಮಾನ್ಯ ಬ್ಯಾಕ್ಟೀರಿಯಾ, ಶಿಲೀಂಧ್ರ, ಹೊದಿಕೆ ಇಲ್ಲದ ವೈರಸ್, ಕೊನೆಗೆ ಬೀಜಾಣು. ಇನ್ನೊಂದು ಮಾತು: ಸುಲಭವಾಗಿ ಸಾಯುತ್ತದೆ ಎಂದಮಾತ್ರಕ್ಕೆ ಅದು ಕಡಿಮೆ ಅಪಾಯಕಾರಿ ಎಂದಲ್ಲ. ರೇಬೀಸ್ ದೇಹದ ಹೊರಗೆ ದುರ್ಬಲ, ಒಳಹೊಕ್ಕರೆ ಮಾರಕ.

ಪಾರ್ವೊ: ಮರಿಗಳ ಪಾಲಿನ ದೊಡ್ಡ ಅಪಾಯ

ನಾಯಿಗಳ ಪಾರ್ವೊ ವೈರಸ್ ಜಗತ್ತಿನ ಗಮನಕ್ಕೆ ಬಂದಿದ್ದು 1978ರಲ್ಲಿ. ಸ್ವಲ್ಪ ಕಾಲದಲ್ಲೇ ಹಲವು ದೇಶಗಳಿಗೆ ಹರಡಿತು. ಆರು ವಾರದಿಂದ ಆರು ತಿಂಗಳವರೆಗಿನ ಮರಿಗಳಿಗೆ ಇದರ ಕಾಟ ಹೆಚ್ಚು. ಊಟ ಬಿಡುವುದು, ಸುಸ್ತು, ವಾಂತಿ, ದುರ್ವಾಸನೆಯ ರಕ್ತಭೇದಿ ಇದರ ಮುಖ್ಯ ಲಕ್ಷಣಗಳು. ಕರುಳಿನ ಒಳಪದರ ಹಾಳಾಗಿ, ಬಿಳಿ ರಕ್ತಕಣಗಳು ಕುಸಿದು, ನೀರಿನಂಶ ಕಳೆದುಕೊಂಡ ಮರಿ ಕೆಲವೇ ದಿನಗಳಲ್ಲಿ ಸಾಯಬಹುದು. ಬೇಗ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಕೊಡಿಸಿದರೆ ಬದುಕುವ ಸಾಧ್ಯತೆ ಹೆಚ್ಚು.

ರೋಗಪೀಡಿತ ನಾಯಿಯ ಮಲದಲ್ಲಿ ವೈರಸ್ ಅಪಾರ ಪ್ರಮಾಣದಲ್ಲಿರುತ್ತದೆ. ಲಕ್ಷಣ ಕಾಣುವ ಮೊದಲೇ ಅದು ಹೊರಬೀಳಲು ಶುರುವಾಗುತ್ತದೆ. ನೆಲ, ಮಣ್ಣು, ಚಪ್ಪಲಿ, ಬಟ್ಟೆ, ಊಟದ ತಟ್ಟೆಗಳ ಮೇಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗಾಗಿ ಮನೆಯಿಂದ ಹೊರಗೇ ಹೋಗದ ಮರಿಗೂ ನಿಮ್ಮ ಚಪ್ಪಲಿಯ ಮೂಲಕ ಸೋಂಕು ತಗುಲಬಹುದು. ಈ ವೈರಸ್ ಮನುಷ್ಯರಿಗೆ ಬರುವುದಿಲ್ಲ. ಮಕ್ಕಳಲ್ಲಿ ಕಾಣಿಸುವ ಪಾರ್ವೊ ಬಿ19 ಬೇರೆಯೇ ವೈರಸ್.

ಲಸಿಕೆಯನ್ನು ಒಂದೇ ಡೋಸ್‌ಗೆ ನಿಲ್ಲಿಸಬಾರದು ಎನ್ನಲು ಕಾರಣವಿದೆ. ಮರಿಗೆ ತಾಯಿಯ ಹಾಲಿನಿಂದ ಪ್ರತಿಕಾಯಗಳು ಬಂದಿರುತ್ತವೆ. ಅವು ಮರಿಯನ್ನು ಕಾಪಾಡುತ್ತವೆ ನಿಜ, ಆದರೆ ಲಸಿಕೆ ಕೆಲಸ ಮಾಡದಂತೆಯೂ ತಡೆಯುತ್ತವೆ. ಆ ರಕ್ಷಣೆ ಯಾವ ವಾರದಲ್ಲಿ ಮುಗಿಯುತ್ತದೆ ಎನ್ನುವುದು ಒಂದೊಂದು ಮರಿಗೆ ಒಂದೊಂದು ರೀತಿ. ಹೀಗಾಗಿ 6ರಿಂದ 8ನೇ ವಾರದಲ್ಲಿ ಶುರುಮಾಡಿ, 2ರಿಂದ 4 ವಾರಕ್ಕೊಮ್ಮೆ, ಕನಿಷ್ಠ 16 ವಾರ ತುಂಬುವವರೆಗೆ ಲಸಿಕೆ ಹಾಕಿಸಬೇಕು. ಅಲ್ಲಿಯವರೆಗೆ ಪಾರ್ಕ್, ಬೀದಿ, ಕ್ಲಿನಿಕ್‌ನ ನೆಲ ಮೂರರಿಂದಲೂ ಮರಿಯನ್ನು ದೂರವಿಡಿ.

ತೊಳೆಯುವುದು, ಸೋಂಕು ನಿವಾರಿಸುವುದು ಮತ್ತು ಕ್ರಿಮಿರಹಿತ ಮಾಡುವುದು

ಈ ಮೂರೂ ಒಂದೇ ಅಲ್ಲ.

ತೊಳೆಯುವುದು: ಮಲ, ರಕ್ತ, ಕೂದಲು, ಜಿಡ್ಡನ್ನು ಸೋಪು ನೀರಿನಿಂದ ತೆಗೆಯುವುದು. ಇದೇ ಮೊದಲ ಹೆಜ್ಜೆ. ಕೊಳೆ ಉಳಿದಿದ್ದರೆ ಬ್ಲೀಚ್‌ನಂತಹ ರಾಸಾಯನಿಕ ಆ ಕೊಳೆಯ ಮೇಲೆಯೇ ಖರ್ಚಾಗಿಹೋಗುತ್ತದೆ, ರೋಗಾಣು ಹಾಗೇ ಉಳಿಯುತ್ತದೆ. ಕೈ ತೊಳೆಯುವಾಗಲೂ ಇದೇ ಮಾತು. ಸೋಪು ಪಾರ್ವೊ ವೈರಸ್ಸನ್ನು ಕೊಲ್ಲದಿದ್ದರೂ ಉಜ್ಜಿ ತೊಳೆದಾಗ ಅದು ನೀರಿನೊಂದಿಗೆ ಹರಿದುಹೋಗುತ್ತದೆ. ಸ್ಯಾನಿಟೈಸರ್ ಹಚ್ಚಿದರೆ ಕೊಲ್ಲುವುದೂ ಇಲ್ಲ, ತೊಳೆದು ಹೋಗುವುದೂ ಇಲ್ಲ.

ಸೋಂಕು ನಿವಾರಿಸುವುದು: ತೊಳೆದ ಜಾಗಕ್ಕೆ ಸೂಕ್ತ ಸೋಂಕುನಿವಾರಕ ಹಾಕುವುದು. ಪಾರ್ವೊಗೆ ಮನೆಯಲ್ಲಿ ಸಿಗುವ ಉಪಾಯ ಬ್ಲೀಚ್, ಅಂದರೆ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ. ಬಾಟಲಿಯಲ್ಲಿ ಶೇ. 5ರಿಂದ 6ರಷ್ಟು ಎಂದಿದ್ದರೆ ಒಂದು ಪಾಲಿಗೆ 30 ಪಾಲು ನೀರು ಸೇರಿಸಿ. ಒಂದು ಲೀಟರ್ ನೀರಿಗೆ ಸುಮಾರು 33 ಮಿ.ಲೀ. ಆಗುತ್ತದೆ. ನೆಲ 10 ನಿಮಿಷ ಒದ್ದೆಯಾಗಿಯೇ ಇರಬೇಕು. ಹಾಕಿದ ತಕ್ಷಣ ಒರೆಸಿದರೆ ಪ್ರಯೋಜನವಿಲ್ಲ. ನಂತರ ನೀರಿನಿಂದ ತೊಳೆದು, ಒಣಗಿದ ಮೇಲೆ ಪ್ರಾಣಿಯನ್ನು ಬಿಡಿ. ದ್ರಾವಣವನ್ನು ಆಯಾ ದಿನವೇ ತಯಾರಿಸಿ. ನಿನ್ನೆಯದರಲ್ಲಿ ಶಕ್ತಿ ಇರುವುದಿಲ್ಲ.

ಕ್ರಿಮಿರಹಿತ ಮಾಡುವುದು: ಬೀಜಾಣು ಸೇರಿದಂತೆ ಎಲ್ಲವನ್ನೂ ನಾಶಮಾಡುವುದು. ಶಸ್ತ್ರಚಿಕಿತ್ಸೆಯ ಉಪಕರಣಗಳಿಗೆ ಇದು ಕಡ್ಡಾಯ. ಇದಕ್ಕೆ ಬಳಸುವ ಆಟೋಕ್ಲೇವ್ ಕೆಲಸ ಮಾಡುವುದು ನಮ್ಮ ಅಡುಗೆಮನೆಯ ಕುಕ್ಕರ್ ತತ್ವದಲ್ಲೇ. ಒತ್ತಡ ಹೆಚ್ಚಿಸಿದಾಗ ಹಬೆಯ ಉಷ್ಣಾಂಶ 121 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಆ ಬಿಸಿಯಲ್ಲಿ ಉಪಕರಣಗಳನ್ನು ಕನಿಷ್ಠ 15 ನಿಮಿಷ ಇಡಲಾಗುತ್ತದೆ. ಲೂಯಿ ಪಾಶ್ಚರ್ ಅವರ ಸಹೋದ್ಯೋಗಿ ಚಾರ್ಲ್ಸ್ ಚೇಂಬರ್‌ಲ್ಯಾಂಡ್ 1879ರಲ್ಲಿ ಇದನ್ನು ರೂಪಿಸಿದರು. ಕತ್ತರಿ, ಚಿಮುಟಗಳನ್ನು ಬರೀ ಕುದಿಯುವ ನೀರಿನಲ್ಲಿ ಹಾಕಿ ತೆಗೆದರೆ ಬೀಜಾಣುಗಳು ಸಾಯುವುದಿಲ್ಲ.

ಈ ತಪ್ಪುಗಳನ್ನು ಮಾಡಬೇಡಿ

- ಬ್ಲೀಚ್ ಜೊತೆ ಟಾಯ್ಲೆಟ್ ಕ್ಲೀನರ್ ಬೆರೆಸಬೇಡಿ. ಅದರಲ್ಲಿರುವ ಆಮ್ಲ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.
- ಮೂತ್ರದ ಮೇಲೆ ನೇರವಾಗಿ ಬ್ಲೀಚ್ ಸುರಿಯಬೇಡಿ. ಮೂತ್ರದಲ್ಲಿನ ಅಮೋನಿಯಾ ಜೊತೆ ಸೇರಿ ಉಸಿರಾಟಕ್ಕೆ ತೊಂದರೆ ಕೊಡುವ ಅನಿಲವಾಗುತ್ತದೆ. ಮೊದಲು ನೀರು ಹಾಕಿ ತೊಳೆಯಿರಿ.
- ಬೆಕ್ಕಿರುವ ಮನೆಯಲ್ಲಿ ಫಿನಾಲ್ ಅಂಶವಿರುವ ಕಪ್ಪು ಫಿನಾಯಿಲ್ ಬಳಸಬೇಡಿ. ಬೆಕ್ಕಿನ ಯಕೃತ್ತಿಗೆ ಫಿನಾಲನ್ನು ಕರಗಿಸಿ ಹೊರಹಾಕುವ ಶಕ್ತಿ ತೀರಾ ಕಡಿಮೆ. ನೆಲ ಒರೆಸಿದ ಮೇಲೆ ಬೆಕ್ಕು ಪಾದ ನೆಕ್ಕಿದರೆ ವಿಷವೇರಬಹುದು.
- ಸುವಾಸನೆ ಬಂದರೆ ಶುಚಿಯಾಯಿತು ಎಂದು ತಿಳಿಯಬೇಡಿ. ನೆಲ ಒರೆಸುವ ಎಲ್ಲ ದ್ರವಗಳೂ ಪಾರ್ವೊ ಕೊಲ್ಲುವುದಿಲ್ಲ. ಲೇಬಲ್ ಓದಿ.

ಪ್ರಾಣಿಯಿಂದ ಮನುಷ್ಯರಿಗೆ ಬರುವ ಸೋಂಕುಗಳು

ರೇಬೀಸ್: ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಇಲ್ಲವೇ ಇಲ್ಲ ಎನ್ನುವಷ್ಟು ಅಪರೂಪ. ನಾಯಿ ಅಥವಾ ಬೆಕ್ಕು ಕಚ್ಚಿದರೆ, ಪರಚಿದರೆ, ಗಾಯವಿರುವ ಚರ್ಮವನ್ನು ನೆಕ್ಕಿದರೆ ತಕ್ಷಣ ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ. ಸುಣ್ಣ, ಅರಿಶಿನ, ಖಾರದಪುಡಿ, ಕಾಫಿಪುಡಿ ಹಚ್ಚಬೇಡಿ. ನಂತರ ಅಯೋಡಿನ್ ಹಚ್ಚಿ ಆಸ್ಪತ್ರೆಗೆ ಹೋಗಿ. ಚರ್ಮದೊಳಗೆ ಕೊಡುವ ಲಸಿಕೆಯಾದರೆ 0, 3, 7, 28ನೇ ದಿನ, ಸ್ನಾಯುವಿಗೆ ಕೊಡುವುದಾದರೆ 0, 3, 7, 14, 28ನೇ ದಿನ ಹಾಕಿಸಿಕೊಳ್ಳಬೇಕು. ರಕ್ತ ಬರುವ ಗಾಯವಾಗಿದ್ದರೆ ಇಮ್ಯುನೊಗ್ಲೋಬ್ಯುಲಿನ್ ಕೂಡ ಬೇಕು. ಸೋಪು ಗಾಯದಲ್ಲಿನ ವೈರಸ್ ಕಡಿಮೆ ಮಾಡುತ್ತದೆ ಅಷ್ಟೇ, ಅದು ಲಸಿಕೆಗೆ ಬದಲಿ ಅಲ್ಲ. ಪಶುವೈದ್ಯರು, ಸಹಾಯಕರು, ಬೀದಿನಾಯಿಗಳಿಗೆ ಊಟ ಹಾಕುವವರು ಕಚ್ಚುವ ಮೊದಲೇ ಲಸಿಕೆ ಪಡೆದಿರುವುದು ಒಳ್ಳೆಯದು.

ಇಲಿ ಜ್ವರ: ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ ಇಲಿ, ನಾಯಿ, ದನಗಳ ಮೂತ್ರದ ಮೂಲಕ ನೀರು ಸೇರುತ್ತದೆ. ಕಾಲಿನ ಸಣ್ಣ ಗಾಯ, ಬಿರುಕಿನ ಮೂಲಕ ದೇಹ ಹೊಕ್ಕುತ್ತದೆ. 2005ರ ಜುಲೈ ಪ್ರವಾಹದ ನಂತರ ಮುಂಬೈನಲ್ಲಿ ಈ ಜ್ವರ ವ್ಯಾಪಕವಾಗಿ ಹರಡಿತ್ತು. ಮಳೆಗಾಲದಲ್ಲಿ ನಿಂತ ನೀರಿನಲ್ಲಿ ನಾಯಿಯನ್ನು ಓಡಾಡಿಸಬೇಡಿ. ನಾಯಿಗೆ ಪ್ರತಿವರ್ಷ ಇದರ ಲಸಿಕೆ ಹಾಕಿಸಿ. ಈ ಬ್ಯಾಕ್ಟೀರಿಯಾಗೆ ಒಣ ಜಾಗ ಆಗಿಬರುವುದಿಲ್ಲ. ಹಾಗಾಗಿ ನೆಲವನ್ನು ಒಣಗಿಸಿಟ್ಟುಕೊಳ್ಳುವುದೇ ಒಂದು ರಕ್ಷಣೆ.

ಹುಳುಕಡ್ಡಿ: ಪ್ರಾಣಿಯ ಮೈಮೇಲೆ ಕೂದಲು ಉದುರಿ ದುಂಡಗಿನ ಕಲೆ ಕಂಡರೆ ಎಚ್ಚರ. ಉದುರಿದ ಕೂದಲಿನಲ್ಲಿ ಈ ಶಿಲೀಂಧ್ರ ತಿಂಗಳುಗಟ್ಟಲೆ ಇರಬಲ್ಲದು. ಚಿಕಿತ್ಸೆಯ ಜೊತೆಗೆ ಸೋಫಾ, ಹಾಸಿಗೆ, ಬಾಚಣಿಗೆಗಳ ಶುಚಿತ್ವವೂ ಅಗತ್ಯ.

ಟಾಕ್ಸೊಪ್ಲಾಸ್ಮಾ: ಗರ್ಭಿಣಿಯರಿದ್ದರೆ ಬೆಕ್ಕನ್ನು ಮನೆಯಿಂದ ಹೊರಹಾಕಬೇಕಿಲ್ಲ. ಬೆಕ್ಕಿನ ಮಲದಲ್ಲಿರುವ ಇದರ ಮೊಟ್ಟೆಯಂಥ ಕಣಗಳು ಸೋಂಕು ಹರಡುವ ಹಂತಕ್ಕೆ ಬರಲು 1ರಿಂದ 5 ದಿನ ಬೇಕು. ಹಾಗಾಗಿ ಮಲದ ತಟ್ಟೆಯನ್ನು ದಿನವೂ ತೆಗೆದು, ಬಿಸಿನೀರಿನಿಂದ ತೊಳೆದರೆ ಅಪಾಯ ಬಹಳ ಕಡಿಮೆ. ಆ ಕೆಲಸವನ್ನು ಮನೆಯ ಬೇರೆಯವರು ಮಾಡಲಿ.

ಊರಿನ ಕೊಟ್ಟಿಗೆಯಲ್ಲೂ ಇದೇ ಪಾಠ

ಮುಂಬೈ, ಪುಣೆ, ಹೈದರಾಬಾದ್‌ನಲ್ಲಿದ್ದರೂ ಅನೇಕರ ಊರಿನ ಮನೆಯಲ್ಲಿ ಇಂದಿಗೂ ದನಕರುಗಳಿವೆ. ರಜೆಗೆ ಹೋದಾಗ ಅಪ್ಪ-ಅಮ್ಮನಿಗೆ ಹೇಳಬೇಕಾದ ಕೆಲವು ವಿಷಯಗಳು ಇಲ್ಲಿವೆ.

- ಕಂದು ರೋಗ ಅಥವಾ ಬ್ರೂಸೆಲ್ಲೋಸಿಸ್: ಹಸುವಿಗೆ ಗರ್ಭದ ಕೊನೆಯ ತಿಂಗಳುಗಳಲ್ಲಿ ಕರು ಬಿದ್ದುಹೋದರೆ ಈ ಶಂಕೆ ಇರಲಿ. ಕಸ, ಸತ್ತ ಕರುವನ್ನು ಬರಿಗೈಯಲ್ಲಿ ಮುಟ್ಟಬೇಡಿ, ನಾಯಿಗಳಿಗೆ ಸಿಗದಂತೆ ಆಳವಾಗಿ ಹೂಳಿ. ಮನುಷ್ಯರಿಗೆ ಬಂದರೆ ಬಿಟ್ಟು ಬಿಟ್ಟು ಜ್ವರ, ಕೀಲುನೋವು ಕಾಡುತ್ತದೆ. ಹಸಿ ಹಾಲು ಕುಡಿಯಬೇಡಿ, ಕಾಯಿಸಿದರೆ ಈ ಬ್ಯಾಕ್ಟೀರಿಯಾ ಸಾಯುತ್ತದೆ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಜೀವನದಲ್ಲಿ ಒಮ್ಮೆ ಲಸಿಕೆ ಹಾಕಲಾಗುತ್ತದೆ. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮಥುರಾದಲ್ಲಿ ಚಾಲನೆ ನೀಡಿದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಾಲುಬಾಯಿ ರೋಗದ ಜೊತೆಗೆ ಈ ಲಸಿಕೆಯೂ ಸೇರಿದೆ.
- ಕೆಚ್ಚಲು ಬಾವು: ಒಂದು ಹಸುವಿನಿಂದ ಇನ್ನೊಂದಕ್ಕೆ ಹರಡುವುದು ಹಾಲು ಕರೆಯುವವರ ಕೈಯಿಂದ. ಪ್ರತಿ ಹಸುವಿಗೂ ಮೊದಲು ಕೈ ತೊಳೆಯಿರಿ, ಬಾವು ಇರುವ ಹಸುವನ್ನು ಕೊನೆಗೆ ಕರೆಯಿರಿ. ಕರೆದ ಮೇಲೆ ಮೊಲೆತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ. ಹಾಲು ಕರೆದ ಕೂಡಲೇ ತೊಟ್ಟಿನ ರಂಧ್ರ ಮುಚ್ಚಿಕೊಳ್ಳುವುದಿಲ್ಲ. ಮೇವು ಹಾಕಿ ಅರ್ಧ ಗಂಟೆಯಾದರೂ ಹಸು ನಿಂತಿರುವಂತೆ ನೋಡಿಕೊಳ್ಳಿ.
- ನೆರಡಿ ರೋಗ: ದನ ಇದ್ದಕ್ಕಿದ್ದಂತೆ ಸತ್ತು, ಮೂಗು, ಬಾಯಿ, ಗುದದ್ವಾರದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬರುತ್ತಿದ್ದರೆ ಕೊಯ್ಯಬೇಡಿ, ಚರ್ಮ ಸುಲಿಯಬೇಡಿ. ದೇಹ ಕೊಯ್ದಾಗ ಗಾಳಿ ತಾಗಿ ಬ್ಯಾಕ್ಟೀರಿಯಾ ಬೀಜಾಣುವಾಗುತ್ತದೆ, ಆ ಜಾಗದ ಮಣ್ಣೇ ವರ್ಷಗಟ್ಟಲೆ ರೋಗದ ತಾಣವಾಗುತ್ತದೆ. ಪಶುವೈದ್ಯರಿಗೆ ಕೂಡಲೇ ತಿಳಿಸಿ.

ಪುಣೆಯಿಂದ ಮುಕ್ತೇಶ್ವರಕ್ಕೆ ಹೋದ ಪ್ರಯೋಗಾಲಯ

ರೋಗಾಣುವನ್ನು ಪ್ರತ್ಯೇಕವಾಗಿಡಬೇಕು ಎಂಬ ತತ್ವಕ್ಕೆ ಭಾರತದ್ದೇ ಒಂದು ಹಳೆಯ ಉದಾಹರಣೆ ಇದೆ. ಜಾನುವಾರು ರೋಗಗಳ ಸಂಶೋಧನೆಗಾಗಿ 1889ರಲ್ಲಿ ಪುಣೆಯಲ್ಲಿ ಇಂಪೀರಿಯಲ್ ಬ್ಯಾಕ್ಟೀರಿಯಾಲಾಜಿಕಲ್ ಲ್ಯಾಬೊರೇಟರಿ ಆರಂಭವಾಯಿತು. 1893ರಲ್ಲಿ ಅದನ್ನು ಕುಮಾವೂ ಬೆಟ್ಟಗಳಲ್ಲಿ ಜನವಸತಿಯಿಂದ ದೂರವಿದ್ದ, ತಂಪಾದ ಮುಕ್ತೇಶ್ವರಕ್ಕೆ ಸ್ಥಳಾಂತರಿಸಲಾಯಿತು. ಅಂಥ್ರಾಕ್ಸ್ ಬ್ಯಾಕ್ಟೀರಿಯಾದ ಜೀವನಚಕ್ರವನ್ನು 1876ರಲ್ಲಿ ವಿವರಿಸಿದ್ದ ಜರ್ಮನ್ ವಿಜ್ಞಾನಿ ರಾಬರ್ಟ್ ಕಾಕ್ 1897ರಲ್ಲಿ ಅಲ್ಲಿಗೆ ಭೇಟಿ ನೀಡಿದ್ದರು. ಇಂದಿನ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಮೂಲ ಇದೇ.

ಆ ಕಾಲದಲ್ಲಿ ದನಗಳನ್ನು ಹಿಂಡು ಹಿಂಡಾಗಿ ಕೊಲ್ಲುತ್ತಿದ್ದುದು ರಿಂಡರ್‌ಪೆಸ್ಟ್ ಎಂಬ ದೊಡ್ಡರೋಗ. ಲಸಿಕೆ, ಪ್ರತ್ಯೇಕವಾಸ, ನಿಗಾ ಮೂರೂ ಸೇರಿ ಭಾರತ 2006ರಲ್ಲಿ ಈ ರೋಗದಿಂದ ಮುಕ್ತವೆಂದು ಮಾನ್ಯತೆ ಪಡೆಯಿತು. 2011ರಲ್ಲಿ ಇಡೀ ಜಗತ್ತಿನಿಂದಲೇ ಅದು ನಿರ್ಮೂಲನೆಯಾಯಿತು. ಸಿಡುಬಿನ ನಂತರ ಹೀಗೆ ಇಲ್ಲವಾದ ಎರಡನೇ ರೋಗ ಇದು.

ಆ್ಯಂಟಿಬಯಾಟಿಕ್: ಸುಮ್ಮನೆ ಕೊಡುವ ಮಾತ್ರೆಯಲ್ಲ

ಸೋಂಕು ತಡೆಯುವಲ್ಲಿ ಸೋತಾಗ ಆ್ಯಂಟಿಬಯಾಟಿಕ್ ಬಳಕೆ ಹೆಚ್ಚುತ್ತದೆ. ಅದು ವೈರಸ್ ಮೇಲೆ ಕೆಲಸ ಮಾಡುವುದಿಲ್ಲ. ಪಾರ್ವೊದಲ್ಲಿ ವೈದ್ಯರು ಅದನ್ನು ಕೊಡುವುದು ಹಾಳಾದ ಕರುಳಿನಿಂದ ರಕ್ತಕ್ಕೆ ನುಗ್ಗುವ ಬ್ಯಾಕ್ಟೀರಿಯಾ ತಡೆಯಲು. ಅರ್ಧಕ್ಕೆ ನಿಲ್ಲಿಸಿದರೆ, ಹಳೆಯ ಚೀಟಿ ತೋರಿಸಿ ಮತ್ತೆ ತಂದು ಹಾಕಿದರೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಅವು ಪ್ರಾಣಿಯಲ್ಲೇ ಉಳಿಯದೆ ಮನೆಯವರಿಗೂ ಹರಡಬಹುದು. ಮನುಷ್ಯರ ಚಿಕಿತ್ಸೆಯಲ್ಲಿ ಕೊನೆಯ ಅಸ್ತ್ರವಾಗಿರುವ ಕೊಲಿಸ್ಟಿನ್ ಔಷಧವನ್ನು ಕೋಳಿ, ಜಾನುವಾರು ಸಾಕಣೆಯಲ್ಲಿ ಬಳಸದಂತೆ ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ನಿಷೇಧಿಸಿದ್ದು ಇದೇ ಕಾರಣಕ್ಕೆ.

ಗಾಯ, ಕಿವಿ ಸೋರುವಿಕೆ ಪದೇ ಪದೇ ಮರುಕಳಿಸುತ್ತಿದ್ದರೆ ಕಲ್ಚರ್ ಪರೀಕ್ಷೆ ಮಾಡಿಸುವ ಬಗ್ಗೆ ವೈದ್ಯರನ್ನು ಕೇಳಿ. ಯಾವ ಬ್ಯಾಕ್ಟೀರಿಯಾ ಇದೆ, ಯಾವ ಔಷಧಕ್ಕೆ ಬಗ್ಗುತ್ತದೆ ಎಂಬುದು ಅದರಲ್ಲಿ ಗೊತ್ತಾಗುತ್ತದೆ.

ಕ್ಲಿನಿಕ್‌ನಲ್ಲಿ ಇವುಗಳನ್ನು ಗಮನಿಸಿ

- ಒಂದು ಪ್ರಾಣಿ ಇಳಿದ ಮೇಲೆ ಪರೀಕ್ಷೆಯ ಟೇಬಲ್ ಒರೆಸುತ್ತಾರೆಯೇ?
- ವೈದ್ಯರು, ಸಹಾಯಕರು ಪ್ರತಿ ಪ್ರಾಣಿಯ ನಂತರ ಕೈ ತೊಳೆಯುತ್ತಾರೆಯೇ, ಕೈಗವಸು ಬದಲಿಸುತ್ತಾರೆಯೇ?
- ಥರ್ಮಾಮೀಟರ್ ಶುಚಿಮಾಡಿ ಬಳಸುತ್ತಾರೆಯೇ, ಸೂಜಿ ಹೊಸದೇ?
- ವಾಂತಿ-ಭೇದಿಯ ನಾಯಿಗಳಿಗೆ ಬೇರೆ ಕೋಣೆ ಇದೆಯೇ?
- ಕಸಕ್ಕೆ ಬೇರೆ ಬೇರೆ ಬಣ್ಣದ ಡಬ್ಬಿಗಳಿವೆಯೇ? 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಪಶು ಆಸ್ಪತ್ರೆಗಳಿಗೂ ಅನ್ವಯಿಸುತ್ತವೆ.

ಇವನ್ನು ಕೇಳಲು ಸಂಕೋಚ ಬೇಡ. ನಿಮ್ಮ ಕಡೆಯಿಂದಲೂ ಕೆಲವು ಕೆಲಸಗಳಿವೆ. ನಾಯಿಗೆ ವಾಂತಿ-ಭೇದಿ ಇದ್ದರೆ ಮೊದಲೇ ಫೋನ್ ಮಾಡಿ ತಿಳಿಸಿ, ಕರೆಯುವವರೆಗೆ ವಾಹನದಲ್ಲೇ ಇರಿ. ಮರಿಯನ್ನು ಮಡಿಲಲ್ಲಿ ಅಥವಾ ಬುಟ್ಟಿಯಲ್ಲಿ ಇಟ್ಟುಕೊಳ್ಳಿ. ಬೇರೆ ಪ್ರಾಣಿಗಳನ್ನು ಮುದ್ದಿಸಬೇಡಿ. ಮನೆಗೆ ಬಂದ ಕೂಡಲೇ ಚಪ್ಪಲಿ ಹೊರಗೆ ಬಿಟ್ಟು, ಸೋಪಿನಿಂದ ಕೈ ತೊಳೆದು, ಬಟ್ಟೆ ಬದಲಿಸಿ.

ಹೆಚ್ಚಾಗಿ ಕೇಳುವ ಪ್ರಶ್ನೆಗಳು

ಪಾರ್ವೊದಿಂದ ಮರಿ ಸತ್ತ ಮನೆಗೆ ಇನ್ನೊಂದು ಮರಿ ತರಬಹುದೇ?
ತಕ್ಷಣ ಬೇಡ. ಬಿರುಸಾದ ನೆಲವನ್ನು ಬ್ಲೀಚ್‌ನಿಂದ ಶುಚಿಮಾಡಬಹುದು, ಆದರೆ ತೋಟದ ಮಣ್ಣು, ಕಾರ್ಪೆಟ್‌ನಲ್ಲಿ ವೈರಸ್ ಉಳಿಯುತ್ತದೆ. ಹಳೆಯ ಹಾಸಿಗೆ, ಆಟಿಕೆಗಳನ್ನು ಬಿಸಾಡಿ. ಲಸಿಕೆಯ ಎಲ್ಲ ಡೋಸ್ ಮುಗಿದ ನಾಯಿಯನ್ನು ತರುವುದು ಸುರಕ್ಷಿತ.

ಮನೆಯ ನಾಯಿಗೆ ರೇಬೀಸ್ ಲಸಿಕೆ ಆಗಿದೆ, ಅದು ಕಚ್ಚಿದರೂ ವೈದ್ಯರ ಬಳಿ ಹೋಗಬೇಕೇ?
ಹೌದು. ಗಾಯ ತೊಳೆದು ವೈದ್ಯರಿಗೆ ತೋರಿಸಿ. ನಾಯಿಯನ್ನು 10 ದಿನ ಗಮನಿಸಿ. ಚಿಕಿತ್ಸೆ ಬೇಕೇ, ಬೇಡವೇ ಎಂಬುದನ್ನು ವೈದ್ಯರು ನಿರ್ಧರಿಸಲಿ.

ಬಿಸಿಲಿಗೆ ಒಣಗಿಸಿದರೆ ಸಾಕೇ?
ಬಿಸಿಲು ಅನೇಕ ರೋಗಾಣುಗಳನ್ನು ಕಡಿಮೆ ಮಾಡುತ್ತದೆ, ಇಲಿ ಜ್ವರದ ಬ್ಯಾಕ್ಟೀರಿಯಾಗಂತೂ ಒಣಗುವುದೇ ಸಾವು. ಆದರೆ ಪಾರ್ವೊ, ಹುಳುಕಡ್ಡಿಗೆ ಬಿಸಿಲೊಂದನ್ನೇ ನಂಬಬೇಡಿ. ಮೊದಲು ತೊಳೆಯಿರಿ, ನಂತರ ಸರಿಯಾದ ಸೋಂಕುನಿವಾರಕ ಹಾಕಿ ಅದಕ್ಕೆ ಬೇಕಾದಷ್ಟು ಹೊತ್ತು ಬಿಡಿ, ಕೊನೆಗೆ ಒಣಗಿಸಿ.

*ಗಮನಿಸಿ: ಈ ಲೇಖನ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಪ್ರಾಣಿ ಅಥವಾ ಮನೆಯವರಲ್ಲಿ ಅನಾರೋಗ್ಯದ ಲಕ್ಷಣ ಕಂಡರೆ ತಡಮಾಡದೆ ಪಶುವೈದ್ಯರು ಅಥವಾ ವೈದ್ಯರನ್ನು ಸಂಪರ್ಕಿಸಿ.*